ಅಜ್ಜಿಯ ಮೊಬೈಲಿಗೆ ಎರಡು ನಿಮಿಷದ ಕನ್ನಡ



ನಿಮ್ಮಲ್ಲಿ ಹೆಚ್ಚಿನವರು ಮುಂಬಯಿಯಲ್ಲೇ ಹುಟ್ಟಿ ಬೆಳೆದವರು. ಕನ್ನಡ ಮಾತಾಡುತ್ತೀರಿ, ಓದಲು ತಡವರಿಸುತ್ತೀರಿ. ನಿಮ್ಮ ಅಜ್ಜ ಅಜ್ಜಿಯರಿಗೋ ಕನ್ನಡ ಓದಲು ಬರುತ್ತದೆ, ಆಸ್ಪತ್ರೆಯ ಇಂಗ್ಲಿಷ್ ಕಾಗದ ಅರ್ಥವಾಗುವುದಿಲ್ಲ. ಇಬ್ಬರೂ ಕೈಜೋಡಿಸಿದರೆ ಒಂದು ಜೀವ ಉಳಿಯಬಹುದೆಂದು ಹೇಳಲು ಈ ಬರಹ.

ನಮ್ಮ ಅತ್ತೆಯವರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿದ್ದರು. ಡೊಂಬಿವಲಿಯ ಮನೆಗೆ ಬಂದ ಮೂರನೆಯ ವಾರ ಹಲ್ಲುಜ್ಜುವಾಗ ವಸಡಿನಲ್ಲಿ ಸ್ವಲ್ಪ ರಕ್ತ ಕಂಡಿತು. ಅದೇ ಹೊತ್ತಿಗೆ ಯಾರೋ ಮೊಬೈಲಿಗೆ ಕಳಿಸಿದ ಸಂದೇಶ: ರಕ್ತ ತೆಳ್ಳಗಾಗಿಸುವ ಮಾತ್ರೆ ಬೇಡ, ಬೆಳ್ಳುಳ್ಳಿ ಸಾಕು! ಅವರು ಯಾರಿಗೂ ಹೇಳದೆ ಎರಡು ದಿನ ಮಾತ್ರೆ ಬಿಟ್ಟರು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನೂ ಡಿಸ್ಚಾರ್ಜ್ ಕಾಗದವನ್ನು ಫೈಲಿಗೆ ಹಾಕಿ ಸುಮ್ಮನಿದ್ದೆ.

ಮಾತ್ರೆ ಡಬ್ಬಿ ನೋಡಿ ಪತ್ತೆ ಹಚ್ಚಿದವಳು ಕಾಲೇಜಿಗೆ ಹೋಗುವ ಮಗಳು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದಳು. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು. ರಕ್ತ ಕಂಡರೆ ತಿಳಿಸಿ, ಕೇಳದೆ ಮಾತ್ರೆ ಬಿಡಬೇಡಿ ಎಂದರು ಅವರು. ಆ ರಾತ್ರಿ ಮಗಳು ಇದನ್ನೇ ತನ್ನ ಮುಂಬಯಿ ಕನ್ನಡದಲ್ಲಿ ರೆಕಾರ್ಡ್ ಮಾಡಿ ಅಜ್ಜಿಗೆ ಕಳಿಸಿದಳು. ಅತ್ತೆ ನಾಲ್ಕು ಸಲ ಕೇಳಿದರು, ಊರಿನ ತಂಗಿಗೂ ಕಳಿಸಿದರು.

ರೋಗಿಗೆ ತಿಳಿವಳಿಕೆಯೂ ಔಷಧವೇ ಎಂಬ ಮಾತು ನಮ್ಮ ಮುಂಬಯಿಗೆ ಹೊಸದಲ್ಲ. 1990ರ ದಶಕದಲ್ಲೇ ಡಾ. ಅನಿರುದ್ಧ ಮಲ್ಪಾನಿ ದಂಪತಿ ಜನಸಾಮಾನ್ಯರಿಗಾಗಿ 'ಹೆಲ್ಪ್' ಎಂಬ ಆರೋಗ್ಯ ಗ್ರಂಥಾಲಯ ಆರಂಭಿಸಿದರು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ವಾಟ್ಸಾಪ್ ಗುಂಪು ಕಟ್ಟಿ, ಹಳ್ಳಿಯ ವೈದ್ಯರು ಕಳಿಸಿದ ಇಸಿಜಿಯನ್ನು ತಜ್ಞರು ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದರು. ಮೊಬೈಲ್ ಜೀವ ಉಳಿಸಬಲ್ಲುದು, ಸುಳ್ಳನ್ನೂ ಹರಡಬಲ್ಲುದು. ಎದೆನೋವು ಬಂದಾಗ ಜೋರಾಗಿ ಕೆಮ್ಮಿದರೆ ಸಾಕು ಎಂಬ ಸಂದೇಶ 1999ರಿಂದ ಸುತ್ತುತ್ತಿದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಒಪ್ಪಿಲ್ಲ. ಕೆಮ್ಮುತ್ತಾ ಕುಳಿತರೆ ಅಮೂಲ್ಯ ಸಮಯ ಹೋಗುತ್ತದೆ. 108ಕ್ಕೆ ಕರೆ ಮಾಡಿ ಬೇಗ ಆಸ್ಪತ್ರೆ ಸೇರಬೇಕು.

ನೀವೇನು ಮಾಡಬಹುದು? ಒಂದು ಸಂದೇಶದಲ್ಲಿ ಒಂದೇ ವಿಷಯ ಹೇಳಿ. ಹೆಂಗಸರಲ್ಲಿ ಹೃದಯಾಘಾತ ಉಸಿರುಕಟ್ಟು, ಬೆನ್ನು ಅಥವಾ ದವಡೆ ನೋವು, ವಾಕರಿಕೆಯಾಗಿಯೂ ಬರಬಹುದು. ಗ್ಯಾಸ್ ಎಂದು ಸುಮ್ಮನಿರಬಾರದು. ಇದು ಒಂದು. ಉಪ್ಪಿನಕಾಯಿ, ಹಪ್ಪಳ, ಒಣಮೀನಿನಲ್ಲಿರುವ ಉಪ್ಪು ಇನ್ನೊಂದು. ಬರೆದದ್ದನ್ನು ಮೊದಲು ಡಾಕ್ಟರಿಗೆ ತೋರಿಸಿ, ಬಳಿಕ ತಾರೀಖು ಹಾಕಿ ಕಳಿಸಿ. ಕೇಳಿದ ಮೇಲೆ, "ಅಜ್ಜಿ, ಏನು ಅರ್ಥವಾಯಿತು, ನೀವೇ ಹೇಳಿ ನೋಡುವ" ಎನ್ನಿ. ಅವರು ತಪ್ಪು ಹೇಳಿದರೆ ತಿದ್ದಬೇಕಾದದ್ದು ನಿಮ್ಮ ಸಂದೇಶವನ್ನು, ಅಜ್ಜಿಯನ್ನಲ್ಲ.

ನಿಮ್ಮ ಕನ್ನಡ ಶುದ್ಧವಿಲ್ಲವೆಂದು ನಾಚಬೇಡಿ. ನಮ್ಮ ಅತ್ತೆಯವರು ಮಾತ್ರೆ ತೆಗೆದುಕೊಳ್ಳುವ ಮೊದಲು ಇಂದಿಗೂ ಮೊಮ್ಮಗಳ ದನಿಯನ್ನೇ ಹಾಕಿ ಕೇಳುತ್ತಾರೆ.