ಚಲಿಸುವ ಮಾದರಿಗೆ ಬಣ್ಣ ಬಳಿಯುವ ಬಗೆ

ಶಕ್ತಿನಗರದ ಗುಡ್ಡಗಳಲ್ಲಿ ಮನೆ ನಿವೇಶನಕ್ಕಾಗಿ ಮುರಕಲ್ಲನ್ನು ಕಡಿದು ನೆಲವನ್ನು ಸಮಮಾಡುವ ಹಳದಿ ಯಂತ್ರವನ್ನು ಕಾಣದವರಿಲ್ಲ. ಅದು ಯಾವ ಕಾರ್ಖಾನೆಯದಾದರೂ ನಮ್ಮ ಜನ ಕರೆಯುವುದು ‘ಜೆಸಿಬಿ’ ಎಂದೇ. ೧೯೪೫ರಲ್ಲಿ ಇಂಗ್ಲೆಂಡಿನಲ್ಲಿ ಉದ್ಯಮವನ್ನಾರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೊದಲಕ್ಷರಗಳವು. ನನ್ನ ತಂದೆಯವರು ಅಂತಹ ಯಂತ್ರವೊಂದರ ಚಾಲಕರು. ಆದುದರಿಂದ ತಮ್ಮನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅದರ ಮಾದರಿಯನ್ನೇ ಮಾಡುವುದೆಂದು ನಾವಿಬ್ಬರೂ ಹೊರಟೆವು.

ಮಾದರಿಯ ತತ್ತ್ವ ಸುಲಭವಾದುದು. ಎರಡು ಸಿರಿಂಜುಗಳನ್ನು ಸಪುರವಾದ ಕೊಳವೆಯಿಂದ ಜೋಡಿಸಿ, ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಬೇಕು. ಒಂದನ್ನು ಒತ್ತಿದರೆ ಇನ್ನೊಂದರ ದಂಡ ಹೊರಬಂದು ಯಂತ್ರದ ತೋಳನ್ನೆತ್ತುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವೇ ಇದಕ್ಕಾಧಾರ. ನಿಜ ಯಂತ್ರದಲ್ಲಿ ನೀರಿನ ಬದಲು ಎಣ್ಣೆಯಿರುತ್ತದೆ, ಅಷ್ಟೆ.

ಸುಮಾರು ೬ ಮೀಟರ್ ಉದ್ದದ ಯಂತ್ರವನ್ನು ೧/೨೦ರ ಪ್ರಮಾಣದಲ್ಲಿ ೩೦ ಸೆಂಟಿಮೀಟರಿಗಿಳಿಸಿ, ಫೋಮ್ ಶೀಟಿನಲ್ಲಿ ಕತ್ತರಿಸಿ ಜೋಡಿಸಿದೆವು. ತೋಳು ಚೆನ್ನಾಗಿಯೇ ಏಳುತ್ತಿತ್ತು. ಪ್ರದರ್ಶನದ ಹಿಂದಿನ ರಾತ್ರಿ, ಜೋಡಿಸಿದ್ದುದನ್ನು ಬಿಚ್ಚದೆ, ನಾನು ಎರಡು ಸಲ ಎನಾಮಲ್ ಬಳಿದೆ. ಮರುದಿನ ಅಧ್ಯಾಪಕರ ಮುಂದೆ ತಮ್ಮನು ಸಿರಿಂಜನ್ನೊತ್ತಿದಾಗ ತೋಳು ಅಲುಗಲಿಲ್ಲ. ಇನ್ನಷ್ಟು ಒತ್ತಿದಾಗ ಕೊಳವೆ ಕಳಚಿ ನೀರು ಮೇಜಿನ ಮೇಲೆಲ್ಲ ಚಿಮ್ಮಿತು. ಅವನು ಅಳುತ್ತ ಮನೆಗೆ ಬಂದ.

ರಾತ್ರಿ ತಂದೆಯವರು ಮಾದರಿಯನ್ನು ತಿರುಗಿಸಿ ನೋಡಿ, “ಬಣ್ಣ ಚಂದ ಉಂಟು. ಆದರೆ ಗ್ರೀಸ್ ಹಾಕುವ ಜಾಗಕ್ಕೆಲ್ಲ ಪೈಂಟ್ ಹೊಡೆದರೆ ಅದು ಏಳುವುದು ಹೇಗೆ ಮಾರಾಯಾ?” ಎಂದರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಅವರ ಆ ಒಂದು ಮಾತಿನಲ್ಲಿ ಈ ವಿದ್ಯೆಯ ಸಾರವೆಲ್ಲ ಅಡಗಿದೆ.

ಬಣ್ಣಕ್ಕೂ ದಪ್ಪವುಂಟು. ಕುಂಚದಿಂದ ಎರಡು ಮೂರು ಸಲ ಬಳಿದರೆ ಅದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟಾದೀತು. ಅತ್ಯಲ್ಪವೆಂದು ತೋರಿದರೂ, ೧/೨೦ರ ಮಾದರಿಯಲ್ಲಿ ಅದು ನಿಜ ಯಂತ್ರಕ್ಕೆ ೨ ಮಿಲಿಮೀಟರ್ ದಪ್ಪ ಮೆತ್ತಿದಂತೆ! ಕೀಲಿನ ಎರಡು ಮೈಗೂ ಬಳಿದರೆ ಅದರ ಇಮ್ಮಡಿ. ಸಂದು ಮುಚ್ಚಿ, ಒಣಗುವಾಗ ಎರಡು ಮೈಗಳೂ ಅಂಟಿಕೊಳ್ಳುತ್ತವೆ. ನಿಜ ಯಂತ್ರದಲ್ಲಿಯೂ ಸಿಲಿಂಡರಿನೊಳಗೆ ಹೋಗಿಬರುವ ದಂಡಕ್ಕೆ ಬಣ್ಣವಿಲ್ಲ. ಅದು ಕ್ರೋಮಿಯಂ ಲೇಪದಿಂದ ಹೊಳೆಯುತ್ತಿರುತ್ತದೆ.

ಆದುದರಿಂದ ಕ್ರಮ ಹೀಗಿರಬೇಕು. ಮೊದಲು ಬಣ್ಣವಿಲ್ಲದೆ ಜೋಡಿಸಿ ಚಲನೆಯನ್ನು ಪರೀಕ್ಷಿಸಿ, ಅನಂತರ ಎಲ್ಲವನ್ನೂ ಬಿಚ್ಚಬೇಕು. ಪ್ರತಿಯೊಂದು ಭಾಗವನ್ನೂ ನಯವಾದ ಉಪ್ಪುಕಾಗದದಿಂದ ಉಜ್ಜಿ ಧೂಳೊರೆಸಬೇಕು. ಪಿನ್ನಿನ ತೂತುಗಳಿಗೆ ಕಾಗದದ ಸುರುಳಿ ತುರುಕಿ, ಉಜ್ಜಾಡುವ ಮೈಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಮೊದಲು ಪ್ರೈಮರ್, ಅದರ ಮೇಲೆ ತೆಳ್ಳಗೆ ಎರಡು ಸಲ ಹಳದಿ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದನ್ನು ಬಳಿಯಕೂಡದು. ನಮ್ಮೂರಿನ ಮಳೆಗಾಲದಲ್ಲಿ ಇದಕ್ಕೆ ವಿಶೇಷ ತಾಳ್ಮೆ ಬೇಕು. ತೇವದ ಗಾಳಿಯಲ್ಲಿ ಲ್ಯಾಕರ್ ಬಣ್ಣವು ಬಿಳಿಚಿಕೊಳ್ಳುವುದೂ ಉಂಟು. ಥರ್ಮಾಕೋಲಿನ ಭಾಗಗಳಿಗೆ ಸ್ಪ್ರೇ ಬಣ್ಣ ಸಲ್ಲದು. ಅದರ ದ್ರಾವಕಕ್ಕೆ ಥರ್ಮಾಕೋಲ್ ಕರಗಿ ಗುಳಿ ಬೀಳುತ್ತದೆ. ಕೊನೆಗೆ ಟೇಪ್ ತೆಗೆದು, ಪಿನ್ನಿಗೆ ತುಸು ವ್ಯಾಸಲೀನ್ ಸವರಿ ಜೋಡಿಸಬೇಕು.

ಇಷ್ಟಾದರೂ ಅದು ಅಂಗಡಿಯ ಆಟಿಕೆಯಂತೆಯೇ ಕಾಣುತ್ತದೆ. ದುಡಿದ ಯಂತ್ರದಂತೆ ತೋರಬೇಕಾದರೆ ಅದರ ದುಡಿಮೆಯನ್ನು ನೋಡಬೇಕು. ಕಲ್ಲಿಗೆ ತಾಗುವ ಬಕೆಟಿನ ಹಲ್ಲುಗಳಲ್ಲಿ ಬಣ್ಣ ನಿಲ್ಲದು. ಅಲ್ಲಿ ಬೆಳ್ಳಿಯ ಬಣ್ಣ ಸವರಬೇಕು. ಚಾಲಕನು ಕಾಲಿಟ್ಟು ಹತ್ತುವ ಮೆಟ್ಟಿಲು ಸವೆದಿರುತ್ತದೆ. ಕೀಲುಗಳ ಸುತ್ತ ಗ್ರೀಸಿನ ಕಪ್ಪು. ಚಕ್ರಗಳಿಗೆ ನಮ್ಮ ಗುಡ್ಡದ ಕೆಂಪು ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ, ಒಣ ಕುಂಚದಿಂದ ಉದುರಿಸಿದೆವು. ಕೀಲಿನೊಳಕ್ಕೆ ಮಾತ್ರ ಹೋಗಬಿಡಲಿಲ್ಲ. ಇವನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟವರು ತಂದೆಯವರೇ.

ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪಾಸ್ಕಲನ ನಿಯಮವನ್ನು ತಮ್ಮನಿಗೆ ನಾನು ವಿವರಿಸಿದ್ದೆ. ಎಲ್ಲಿ ಬಣ್ಣ ಬಳಿಯಬಾರದೆಂಬುದನ್ನು ಮಾತ್ರ ತಂದೆಯವರಲ್ಲಿ ಕೇಳಿರಲಿಲ್ಲ. ಪ್ರದರ್ಶನ ಮುಗಿದುಹೋಗಿತ್ತು, ಬಹುಮಾನದ ಮಾತಿಲ್ಲ. ಆದರೆ ಕೆಲಸದಿಂದ ಬಂದ ತಂದೆಯವರು ಈಗಲೂ ಒಮ್ಮೊಮ್ಮೆ ಸಿರಿಂಜನ್ನೊತ್ತಿ ನೋಡುತ್ತಾರೆ. ತೋಳು ಮೆಲ್ಲನೆ ಏಳುತ್ತದೆ.