ರೈಟ್ ಕ್ಲಿಕ್ ಪಟ್ಟಿಯಲ್ಲಿ ಒಂದು ಜಾಗ

ಸಂಕ್ರಾಂತಿಯ ಮೈಲಾಪುರ ಜಾತ್ರೆ ಮುಗಿದ ಮರುದಿನ ಯಾದಗಿರಿ ಸೀಮೆಯ ಫೋಟೊ ಸ್ಟುಡಿಯೊಗಳಿಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಅಲ್ಲಿನ ದೇವರು ಮಲ್ಲಯ್ಯನ ಭಂಡಾರದ ಅರಿಶಿನದಲ್ಲಿ ಮಿಂದ ಮುಖಗಳೆಲ್ಲ ಡಿಜಿಟಲ್ ಕ್ಯಾಮೆರಾದೊಳಗೆ ಒಂದೇ ಹಳದಿ ಮುದ್ದೆಯಾಗಿ ಬಂದಿರುತ್ತಿದ್ದವು. ಬಣ್ಣ ತಿದ್ದಬೇಕಿತ್ತು, ಕತ್ತಲು ಕೂತ ಕಣ್ಣು ಬೆಳಗಿಸಬೇಕಿತ್ತು, ಹಿಂದೆ ನುಗ್ಗಿ ನಿಂತವನ ಅರ್ಧ ತಲೆ ಕತ್ತರಿಸಬೇಕಿತ್ತು. ರಾಮಸಮುದ್ರದ ಕಡೆಯಿಂದ ಬಂದವರು ಬಾಗಿಲಲ್ಲೇ ನಿಂತು, “ನಮ್ದು ಆಗ್ಯಾದೇನ್ರೀ ಅಣ್ಣಾ?” ಎನ್ನುತ್ತಿದ್ದರು. ಒಳಗೆ ಕೂತ ಹುಡುಗರು ತಲೆ ಎತ್ತುತ್ತಿರಲಿಲ್ಲ.

ವಿಂಡೋಸ್ ಎಕ್ಸ್‌ಪಿಯ ಕಾಲ ಅದು. ಫೋಟೊ ಮೇಲೆ ಎರಡು ಸಲ ಒತ್ತಿದರೆ ಬರೀ ನೋಡುವ ಕಿಟಕಿ ತೆರೆಯುತ್ತಿತ್ತು. ಮೌಸಿನ ಬಲ ಬಟನ್ ಒತ್ತಿದರೆ ಒಂದು ಪಟ್ಟಿ ಮೂಡುತ್ತಿತ್ತು. ಅದರಲ್ಲಿ ‘ಎಡಿಟ್’ ಎಂಬ ಸಾಲೂ ಇತ್ತು. ಆಸೆಯಿಂದ ಅದನ್ನೊತ್ತಿದರೆ ಎದ್ದು ಬರುತ್ತಿದ್ದುದು ಪೇಂಟ್. ಮಕ್ಕಳು ಮನೆ, ಸೂರ್ಯ, ಗುಡ್ಡ ಬರೆಯುವ ಪೇಂಟ್. ಭಂಡಾರದ ಹಳದಿ ಇಳಿಸುವುದು ಅದರ ಕೈಲಾಗುವ ಕೆಲಸವಲ್ಲ. ಆ ಕೆಲಸ ಬಲ್ಲ ಗಿಂಪ್ ಎಂಬ ಪ್ರೋಗ್ರಾಮ್ ಅದೇ ಕಂಪ್ಯೂಟರಿನಲ್ಲಿ ಇದ್ದರೂ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಹಾಗಾಗಿ ಮೊದಲು ಗಿಂಪ್ ತೆರೆದು, ಫೈಲ್, ಓಪನ್ ಎನ್ನುತ್ತ, ಫೋಲ್ಡರಿನೊಳಗೆ ಫೋಲ್ಡರ್ ಹೊಕ್ಕು, ನೂರಾರು ಫೋಟೊಗಳಲ್ಲಿ ಬೇಕಾದ ಒಂದನ್ನು ಹುಡುಕಬೇಕಿತ್ತು. ಮುಂದಿನ ಫೋಟೊಗೆ ಮತ್ತೆ ಅದೇ ಸುತ್ತು. ಆ ಪಟ್ಟಿ ಎಲ್ಲಿಂದ ಬಂತು, ಅದಕ್ಕೆ ಇನ್ನೊಂದು ಸಾಲು ಸೇರಿಸುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿದ್ದು ಇಂಥ ಬೇಸತ್ತ ಕೈಗಳಲ್ಲಿ. ಉತ್ತರದ ಬೇರು ಮಾತ್ರ ನಲವತ್ತು ವರ್ಷ ಹಿಂದಿತ್ತು, ಒಂದು ಮರದ ತುಂಡಿನಲ್ಲಿ.

1964ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿದ ಮೌಸನ್ನು ಬಿಲ್ ಇಂಗ್ಲಿಷ್ ಕೈಯಾರೆ ಕಟ್ಟಿದ್ದರು: ಮರದ ಡಬ್ಬಿ, ಕೆಳಗೆ ಎರಡು ಚಕ್ರ, ಮೇಲೆ ಒಂದೇ ಬಟನ್. ಬೆಳಕಿನ ಪೆನ್ನಿನಿಂದ ಹಿಡಿದು ಮೇಜಿನಡಿ ಮೊಣಕಾಲಿನಿಂದ ಆಡಿಸುವ ಸಾಧನದವರೆಗೆ ಹಲವನ್ನು ಪರೀಕ್ಷೆಗಿಟ್ಟಾಗಲೂ ಮೌಸ್ ತನ್ನ ಜಾಗ ಗಟ್ಟಿ ಮಾಡಿಕೊಂಡಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ ಎಂಗೆಲ್‌ಬಾರ್ಟ್ ಅದನ್ನು ಲೋಕದೆದುರು ಇಟ್ಟಾಗ ಬಟನ್‌ಗಳು ಮೂರಾಗಿದ್ದವು. ಯಾವುದಕ್ಕೆ ಯಾವ ಕೆಲಸ ಎಂಬುದು ಮಾತ್ರ ಮುಂದಿನ ಇಪ್ಪತ್ತೈದು ವರ್ಷ ಬಗೆಹರಿಯದ ಜಗಳವಾಗಿ ಉಳಿಯಿತು.

ಜಗಳದ ಮೊದಲ ಒಳ್ಳೆಯ ಉತ್ತರ ಬಂದದ್ದು ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಿಂದ, ಅದೂ ಒಂದು ಪಂದ್ಯದಿಂದ. 1972ರಲ್ಲಿ ಅಲ್ಲಿನ ಅಲನ್ ಕೇ ಕಾರಿಡಾರಿನಲ್ಲಿ ನಿಂತು ಮಾತಾಡುತ್ತ, ಜಗತ್ತಿನ ಅತಿ ಸಮರ್ಥ ಪ್ರೋಗ್ರಾಮಿಂಗ್ ಭಾಷೆಯನ್ನು ಒಂದೇ ಪುಟದಲ್ಲಿ ಬರೆದುಬಿಡಬಹುದು ಎಂದುಬಿಟ್ಟರು. ಡ್ಯಾನ್ ಇಂಗಲ್ಸ್ ಮತ್ತು ಟೆಡ್ ಕೇಲರ್ ಬಿಡಲಿಲ್ಲ. ಹಾಗಾದರೆ ಬರೆದು ತೋರಿಸಿ ಎಂದರು. ಕೇ ಎರಡು ವಾರ ನಸುಕಿನ ನಾಲ್ಕಕ್ಕೆ ಕೇಂದ್ರಕ್ಕೆ ಬಂದು ಎಂಟರವರೆಗೆ ಕೂತು ಬರೆದರು. ಬರೆದದ್ದನ್ನು ಇಂಗಲ್ಸ್ ಕೆಲವೇ ದಿನಗಳಲ್ಲಿ ಯಂತ್ರದ ಮೇಲೆ ಓಡಿಸಿದರು. ಆಮೆಯ ನಡಿಗೆಯಾದರೂ ಮೂರಕ್ಕೆ ನಾಲ್ಕು ಕೂಡಿಸಿ ಏಳು ಎಂದಿತು. ಸ್ಮಾಲ್‌ಟಾಕ್ ಹುಟ್ಟಿದ್ದು ಹೀಗೆ.

ಮುಂದಿನ ವರ್ಷವೇ ಕೇಂದ್ರದಲ್ಲಿ ಆಲ್ಟೊ ಕಂಪ್ಯೂಟರ್ ಬಂತು, ಮೂರು ಬಟನ್‌ನ ಮೌಸ್ ಸಮೇತ. ಸ್ಮಾಲ್‌ಟಾಕ್‌ನವರು ಬಟನ್‌ಗಳನ್ನು ಕೆಂಪು, ಹಳದಿ, ನೀಲಿ ಎಂದು ಕರೆದರು. ತೆರೆಯ ಮೇಲಿದ್ದುದನ್ನು ಹಿಡಿಯಲು ಕೆಂಪು. ಹಿಡಿದದ್ದಕ್ಕೆ ಏನೇನು ಮಾಡಬಹುದು ಎಂಬ ಪಟ್ಟಿ ಕೈಯಡಿಯಲ್ಲೇ ಮೂಡಬೇಕು ಎಂಬುದು ಆಸೆ. ಆದರೆ ಮೂಡಿದ ಪಟ್ಟಿ ಕೆಳಗಿನ ಚಿತ್ರವನ್ನು ಮುಚ್ಚುತ್ತಿತ್ತು. ಬೆರಳು ಬಿಟ್ಟ ಕ್ಷಣ ಪಟ್ಟಿ ಹೋಗಿ, ಮುಚ್ಚಿದ್ದು ಒಂದು ಚುಕ್ಕಿಯೂ ಕೆಡದೆ ಮರಳಬೇಕಿತ್ತು. ತೆರೆಯ ತುಂಬ ಲಕ್ಷಗಟ್ಟಲೆ ಚುಕ್ಕಿ, ಯಂತ್ರ ನಿಧಾನದ್ದು. ಕಾರ್ಯದರ್ಶಿಯಾಗಿ ಸೇರಿ, ನೋಡುತ್ತ ಕಲಿತು ಪ್ರೋಗ್ರಾಮರ್ ಆಗಿದ್ದ ಡಯಾನಾ ಮೆರಿ ಮತ್ತು ಇಂಗಲ್ಸ್ ಈ ಗಂಟಿಗೆ ಜೋತುಬಿದ್ದರು. 1975ರ ಹೊತ್ತಿಗೆ ‘ಬಿಟ್‌ಬ್ಲಿಟ್’ ಎಂಬ ಒಂದೇ ಆಜ್ಞೆ ಸಿದ್ಧವಾಯಿತು: ತೆರೆಯ ಯಾವುದೇ ಚೌಕವನ್ನು ಕಿತ್ತು ಇನ್ನೊಂದು ಕಡೆ ನೆಡುವುದು, ಕಣ್ಣು ಮಿಟುಕಿಸುವಷ್ಟರಲ್ಲಿ. ಪಟ್ಟಿ ಬರುವ ಮುನ್ನ ಕೆಳಗಿನ ಚೌಕವನ್ನು ತೆಗೆದಿಟ್ಟು, ಹೋದ ಮೇಲೆ ಮತ್ತೆ ಇಟ್ಟರಾಯಿತು. ಹಳದಿ ಬಟನ್ ಒತ್ತಿದರೆ ಪಟ್ಟಿ ಥಟ್ಟನೆ ಎದ್ದಿತು, ಬಿಟ್ಟರೆ ಮಾಯವಾಯಿತು. ಇಂದಿನ ರೈಟ್ ಕ್ಲಿಕ್ಕಿನ ಮುತ್ತಜ್ಜಿ ಆ ಹಳದಿ ಬಟನ್.

1979ರಲ್ಲಿ ಆಪಲ್‌ನವರು ಇದನ್ನೆಲ್ಲ ಬಂದು ನೋಡಿದರು. ಹೊಸಬರು ಎರಡು, ಮೂರು ಬಟನ್ ಕಂಡರೆ ತಡಬಡಾಯಿಸುತ್ತಾರೆ ಎಂದು ತೀರ್ಮಾನಿಸಿ 1983ರ ಲೀಸಾ ಕಂಪ್ಯೂಟರಿಗೆ ಒಂದೇ ಬಟನ್ ಕೊಟ್ಟರು. ಅದೇ ವರ್ಷ ಮಾರುಕಟ್ಟೆಗೆ ಬಂದ ಮೈಕ್ರೋಸಾಫ್ಟ್ ಮೌಸಿಗೆ ಎರಡಿದ್ದವು. ಎಡದ್ದು ದುಡಿಯಿತು; ಬಲದ್ದು, ಮದುವೆಮನೆಯ ಮೂಲೆಯಲ್ಲಿ ಯಾರೂ ಮಾತಾಡಿಸದೆ ಕೂತ ನೆಂಟನ ಹಾಗೆ, ಹತ್ತು ವರ್ಷಕ್ಕೂ ಮಿಕ್ಕಿ ಬಹುಪಾಲು ಸುಮ್ಮನೆ ಕೂತಿತ್ತು. 1992ರಲ್ಲಿ ಐಬಿಎಂನ ಓಎಸ್/2 ತನ್ನ ತೆರೆಯ ಮೇಲಿನ ಐಕಾನ್‌ಗಳಿಗೆಲ್ಲ ಬಲ ಬಟನ್‌ನ ಪಟ್ಟಿ ಕೊಟ್ಟಿತು. ಅದನ್ನು ಮನೆ ಮನೆಗೆ ಮುಟ್ಟಿಸಿದ್ದು ಮಾತ್ರ ವಿಂಡೋಸ್ 95.

ವಿಂಡೋಸ್ 95 ಕಟ್ಟುವಾಗ ಮೈಕ್ರೋಸಾಫ್ಟ್ ತಂಡ 64 ಸುತ್ತು ಪ್ರಯೋಗ ನಡೆಸಿತು, 560 ಜನರನ್ನು ಕಂಪ್ಯೂಟರಿನೆದುರು ಕೂರಿಸಿ ನೋಡಿತು. ಹಳೆಯ ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ಕೇ ಹೊಸಬರ ಕೈಗೆ ಒಗ್ಗುತ್ತಿರಲಿಲ್ಲ. ಒಂದು ಕಿಟಕಿಯ ಹಿಂದೆ ಇನ್ನೊಂದು ಅಡಗಿದರೆ ಅದು ಕಳೆದೇಹೋಯಿತೆಂದು ಗಾಬರಿಯಾಗುತ್ತಿದ್ದರು. ಮಾಡಿದ ಮಾದರಿಗಳನ್ನು ಎಸೆದು ಎಸೆದು ಹೊಸದು ಕಟ್ಟಿದರು. 1995ರ ಆಗಸ್ಟ್ 24ರಂದು ಅದು ಹೊರಬಂದಾಗ ಬಲ ಬಟನ್‌ಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತ್ತು. ಅದಕ್ಕಿಂತ ದೊಡ್ಡ ಸಂಗತಿ ಕಣ್ಣಿಗೆ ಕಾಣದಂತೆ ಒಳಗಿತ್ತು. ಆ ಪಟ್ಟಿಯ ಸಾಲುಗಳನ್ನೆಲ್ಲ ಕಲ್ಲಿನಲ್ಲಿ ಕೆತ್ತಿರಲಿಲ್ಲ. ಫೈಲಿನ ಮೇಲೆ ಬಲ ಬಟನ್ ಒತ್ತಿದಾಗ ವಿಂಡೋಸ್ ‘ರಿಜಿಸ್ಟ್ರಿ’ ಎಂಬ ದಫ್ತರ ತೆರೆದು, ಆ ಬಗೆಯ ಫೈಲಿಗೆ ಏನು ಬರೆದಿದೆಯೋ ಅದನ್ನು ಓದಿ ಪಟ್ಟಿ ಕಟ್ಟುತ್ತಿತ್ತು. ದಫ್ತರಕ್ಕೆ ಬರೆಯಬಲ್ಲವರು ಯಾರೇ ಆಗಲಿ ಪಟ್ಟಿಗೆ ಹೆಸರು ಸೇರಿಸಬಹುದಿತ್ತು. ಯಾವುದೋ ಊರಿನ ಯಾರೋ ತಮಗೆ ಬೇಕಾದ್ದನ್ನು ಬರೆದುಕೊಳ್ಳಲಿ ಎಂದು ಬಾಗಿಲನ್ನು ಹೀಗೆ ಓರೆ ಮಾಡಿಟ್ಟದ್ದು ದೊಡ್ಡ ಮನಸ್ಸಿನ ಕೆಲಸ.

ಅದೇ 1995ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ನಿದ್ದೆಗೆಟ್ಟು ಒಂದು ಕಂಪೈಲರ್ ಬರೆಯುತ್ತಿದ್ದರು. ತರಗತಿಯ ಕೆಲಸ ಅದು, ಲಿಸ್ಪ್ ಭಾಷೆಯಲ್ಲಿ. ನಸುಕಿನ ಹೊತ್ತು ಪ್ರೋಗ್ರಾಮ್ 17 ಎಂಬಿ ಮೆಮೊರಿ ಬೇಡಿ, ಸಿಗದೆ, ಕುಸಿದು ಬಿತ್ತು. ಇಬ್ಬರೂ ತೆರೆಯನ್ನು ನಂಬಲಾಗದೆ ನೋಡಿದರು. ಆಮೇಲೆ ಅದನ್ನು ಅಲ್ಲಿಗೇ ಕೈಬಿಟ್ಟರು. ಏನಾದರೂ ಉಪಯೋಗಕ್ಕೆ ಬರುವಂಥದ್ದನ್ನು, ಸಿ ಭಾಷೆಯಲ್ಲಿ, ಚಿತ್ರ ತಿದ್ದುವಂಥದ್ದನ್ನು ಬರೆಯೋಣ ಎಂದು ಹೊರಟರು. ಜುಲೈನಲ್ಲಿ ಮ್ಯಾಟಿಸ್, ಫೋಟೊಶಾಪ್‌ನಂಥದ್ದೊಂದನ್ನು ಯಾರಾದರೂ ಬರೆದರೆ ಅದರಲ್ಲಿ ಏನೇನಿರಬೇಕು ಎಂದು ಇಂಟರ್ನೆಟ್ಟಿನ ಸುದ್ದಿಗುಂಪುಗಳಲ್ಲಿ ಕೇಳಿದರು. ನವೆಂಬರ್ 21ರಂದು ಗಿಂಪ್ ಹುಟ್ಟಿದೆ ಎಂದು ಸಾರಿದರು. ಹಣ ಕೊಡಬೇಕಿಲ್ಲ, ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು. ಮುಂದೆ ಕಿಟಕಿ, ಬಟನ್ ಬರೆಯಲು ಬಳಸಿದ್ದ ಮೋಟಿಫ್‌ಗೆ ದುಡ್ಡು ತೆರಬೇಕಾದ್ದರಿಂದ ಅದನ್ನೂ ಬಿಟ್ಟು, ತಮ್ಮದೇ ಜಿಟಿಕೆ ಬರೆದರು. ಆ ಗಿಂಪ್‌ನಲ್ಲಿ ಚಿತ್ರದ ಕಿಟಕಿಗೆ ಮೇಲಿನ ಮೆನು ಪಟ್ಟಿಯೇ ಇರಲಿಲ್ಲ. ಚಿತ್ರದ ಮೇಲೆ ಬಲ ಬಟನ್ ಒತ್ತಿದರೆ ಎಲ್ಲ ಆಯ್ಕೆಗಳೂ ಅಲ್ಲೇ ತೆರೆದುಕೊಳ್ಳುತ್ತಿದ್ದವು. ಮೇಲಿನ ಪಟ್ಟಿ ಬಂದದ್ದು 2004ರ ಎರಡನೆಯ ಆವೃತ್ತಿಗೆ. ಪಾಲೊ ಆಲ್ಟೊದ ಹಳದಿ ಬಟನ್ ಈ ವಿದ್ಯಾರ್ಥಿಗಳ ಕೂಸಿನಲ್ಲಿ ಮತ್ತೆ ಎದ್ದು ಕೂತಿತ್ತು.

ಗಿಂಪ್ ಹುಟ್ಟಿದ್ದು ಯುನಿಕ್ಸ್ ಯಂತ್ರಗಳಿಗೆ. 1997ರಲ್ಲಿ ಫಿನ್‌ಲೆಂಡಿನ ಟೋರ್ ಲಿಲ್‌ಕ್ವಿಸ್ಟ್ ಅದನ್ನು ವಿಂಡೋಸ್‌ಗೆ ತರಲು ತೊಡಗಿದರು. ಓರೆ ಮಾಡಿಟ್ಟ ಬಾಗಿಲೂ, ಅದರೊಳಗೆ ಹೋಗಬೇಕಾದ ಪ್ರೋಗ್ರಾಮೂ ಒಂದೇ ಕಂಪ್ಯೂಟರಿಗೆ ಬಂದವು.

ಆದರೂ ಸ್ಟುಡಿಯೊ ಹುಡುಗರಿಗೆ ಬಾಗಿಲು ಸುಲಭಕ್ಕೆ ಸಿಗಲಿಲ್ಲ. ದಫ್ತರದಲ್ಲಿ ಸಾವಿರಾರು ಖಾತೆ. ತಪ್ಪು ಕಡೆ ಅಳಿಸಿದರೆ ಕಂಪ್ಯೂಟರ್ ಮರುದಿನ ಎದ್ದೇಳದೇ ಇರಬಹುದು. ಬಲ್ಲವರು ಮೊದಲು ಒಂದು ನಕಲು ತೆಗೆದಿಟ್ಟು ಕೈ ಹಾಕುತ್ತಿದ್ದರು. ಮೊದಲ ಪ್ರಯತ್ನ ಜೆಪಿಜಿ ಎಂಬ ಖಾತೆಯ ಕೆಳಗೆ. ಬರೆದದ್ದೆಲ್ಲ ಸರಿಯಿತ್ತು, ಪಟ್ಟಿಯಲ್ಲಿ ಏನೂ ಮೂಡಲಿಲ್ಲ. ಪಹಣಿಯಲ್ಲಿ ಹೊಲ ಒಬ್ಬರ ಹೆಸರಲ್ಲಿದ್ದು ಉಳುಮೆ ಇನ್ನೊಬ್ಬರದಾಗಿರುವಂತೆ, ಜೆಪಿಜಿ ಖಾತೆಯಲ್ಲಿ ಇದ್ದದ್ದು ‘ಜೆಪೆಗ್‌ಫೈಲ್ ಎಂಬಲ್ಲಿ ನೋಡಿ’ ಎಂಬ ಸೂಚನೆ ಮಾತ್ರ. ಕೆಲವರು ಬೇಸತ್ತು ನಕ್ಷತ್ರದ ಗುರುತಿನ ಖಾತೆಗೆ ಬರೆದರು. ಈಗ ಸಾಲು ಮೂಡಿತು, ಆದರೆ ಹಾಡಿನ ಮೇಲೆ ಒತ್ತಿದರೂ ಗಿಂಪ್, ಅಂಗಡಿ ಲೆಕ್ಕದ ಮೇಲೆ ಒತ್ತಿದರೂ ಗಿಂಪ್. ನಕ್ಷತ್ರವೆಂದರೆ ಎಲ್ಲ ಫೈಲುಗಳೂ ಎಂದರ್ಥ.

ಸರಿಯಾದ ಖಾತೆ ಸಿಕ್ಕ ಮೇಲೂ ಕೆಲಸ ಕೆಟ್ಟಿತು. ಸಾಲು ಬಂತು, ಒತ್ತಿದರೆ ಗಿಂಪ್ ಎದ್ದಿತು, ಬರಿಗೈಯಲ್ಲಿ ನಿಂತಿತು. ಯಾವ ಫೋಟೊ ತೆರೆಯಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಆಜ್ಞೆಯ ಕೊನೆಗೆ %1 ಎಂದು ಸೇರಿಸಿದರೆ, ಒತ್ತಿದ ಫೈಲಿನ ಹೆಸರನ್ನು ವಿಂಡೋಸ್ ಅಲ್ಲಿ ತುಂಬಿ ಕಳಿಸುತ್ತದೆ ಎಂದು ಗೊತ್ತಾಯಿತು. ಸೇರಿಸಿದರು, ಫೋಟೊ ತೆರೆಯಿತು, ಸಂತೋಷಪಟ್ಟರು.

ಆ ಸಂತೋಷ ಗಳಿಗೆ ಹೊತ್ತಿನದು. ಕ್ಯಾಮೆರಾ ಕೊಟ್ಟ ಹೆಸರಿನ ಫೋಟೊಗಳೆಲ್ಲ ತೆರೆದವು. ಹುಡುಗರು ತಾವೇ ಹೆಸರಿಟ್ಟ ‘ಮೈಲಾಪುರ ಜಾತ್ರೆ 14’ರಂಥವು ತೆರೆಯಲಿಲ್ಲ. ಒಂದೇ ಕ್ಯಾಮೆರಾ, ಒಂದೇ ಫೋಲ್ಡರ್, ಒಂದೇ ಬಗೆಯ ಫೈಲ್. ಮೆಮೊರಿ ಕಾರ್ಡ್ ಕೆಟ್ಟಿತೇ, ವೈರಸ್ ಹೊಕ್ಕಿತೇ, ಗಿಂಪನ್ನೇ ತೆಗೆದು ಮತ್ತೆ ಹಾಕಬೇಕೇ ಎಂದು ಎಲ್ಲವನ್ನೂ ಅನುಮಾನಿಸಿದ್ದಾಯಿತು. ಒಂದು ಫೋಟೊ ಒತ್ತಿದರೆ ಮೂರು ದೂರು ಬರುತ್ತಿದ್ದವು: ‘ಮೈಲಾಪುರ’ ಸಿಗಲಿಲ್ಲ, ‘ಜಾತ್ರೆ’ ಸಿಗಲಿಲ್ಲ, ‘14’ ಸಿಗಲಿಲ್ಲ. ದೂರುಗಳನ್ನು ನಿಧಾನಕ್ಕೆ ಓದಿದವರಿಗೆ ಮಾತ್ರ ಕಳ್ಳ ಸಿಕ್ಕಿದ. ಅವನು ಕಾಣಿಸದೆ ಕೂತಿದ್ದ, ಎರಡು ಪದಗಳ ನಡುವಿನ ಖಾಲಿ ಜಾಗದಲ್ಲಿ.

ವಿಂಡೋಸ್ 95ಕ್ಕೆ ಮುಂಚೆ ಮನೆ ಬಳಕೆಯ ವಿಂಡೋಸ್‌ನಲ್ಲಿ ಫೈಲಿನ ಹೆಸರು ಎಂಟಕ್ಷರ, ಮೇಲೊಂದು ಮೂರಕ್ಷರದ ಬಾಲ, ಅಷ್ಟೇ. ಉದ್ದದ ಹೆಸರು, ಪದಗಳ ನಡುವೆ ಜಾಗ, ಎರಡೂ ಬಂದದ್ದು ಅದರ ಜೊತೆಗೆ. ಪ್ರೋಗ್ರಾಮ್ ಮಾತ್ರ ಹಳೆಯ ವಾಡಿಕೆಯಂತೆ ಖಾಲಿ ಜಾಗ ಕಂಡಲ್ಲೆಲ್ಲ ಒಂದು ಹೆಸರು ಮುಗಿಯಿತು, ಮುಂದಿನದು ಶುರುವಾಯಿತು ಎಂದುಕೊಳ್ಳುತ್ತಿತ್ತು. ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಕಟ್ಟಿಟ್ಟರೆ ಒಳಗೆ ಎಷ್ಟು ಜಾಗವಿದ್ದರೂ ಅದನ್ನು ಒಂದೇ ಎಂದು ಓದುತ್ತಿತ್ತು. ಹಾಗಾಗಿ %1ರ ಹಿಂದೊಂದು, ಮುಂದೊಂದು ಜೋಡಿ ಚಿಹ್ನೆ. ಎಕ್ಸ್‌ಪಿಯಲ್ಲಿ ಇನ್ನೊಂದು ಅನುಕೂಲವೂ ಇತ್ತು: ‘ಸಿಸ್ಟಂ ಫೈಲ್ ಅಸೋಸಿಯೇಷನ್ಸ್’ ಎಂಬ ಖಾತೆಯ ಕೆಳಗೆ ‘ಇಮೇಜ್’, ಅದರ ಕೆಳಗೆ ‘ಶೆಲ್’. ಅಲ್ಲಿ ಬರೆದರೆ ಹಾಡು, ಲೆಕ್ಕ ಮುಟ್ಟದೆ ಬರೀ ಚಿತ್ರಗಳಿಗೆ, ಆದರೆ ಎಲ್ಲ ಬಗೆಯ ಚಿತ್ರಗಳಿಗೂ ಸಾಲು ಸೇರುತ್ತಿತ್ತು. ‘ಶೆಲ್’ ಒಳಗೆ ಒಂದು ಹೆಸರು, ಹೆಸರಿನ ಒಳಗೆ ‘ಕಮಾಂಡ್’, ಅದರಲ್ಲಿ ಗಿಂಪ್ ಇರುವ ವಿಳಾಸ ಮತ್ತು %1, ಎರಡೂ ಬೇರೆ ಬೇರೆಯಾಗಿ ಉದ್ಧರಣ ಚಿಹ್ನೆಗಳ ನಡುವೆ. ಆ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟಳೆಯಿರಲಿಲ್ಲ. ಯುನಿಕೋಡ್ ಕನ್ನಡವೂ ಅಲ್ಲಿ ನಿಲ್ಲುತ್ತಿತ್ತು. ಹಾಗೆ ಬರೆದುಕೊಂಡ ಕಂಪ್ಯೂಟರಿನಲ್ಲಿ ಫೋಟೊ ಮೇಲೆ ಬಲ ಬಟನ್ ಒತ್ತಿದರೆ, ಇಂಗ್ಲಿಷ್ ಸಾಲುಗಳ ನಡುವೆ ‘ಗಿಂಪ್‌ನಲ್ಲಿ ತಿದ್ದು’ ಎಂಬ ಸಾಲು ಮೂಡುತ್ತಿತ್ತು.