ಗೌರಿಬಿದನೂರು ಕಡೆ ಒಂದು ದಿನ: ಎರಡೇ ಜಾಗ ಸಾಕು

ಒಂದೇ ದಿನದ ರಜೆ. ಗೌರಿಬಿದನೂರು ಕಡೆ ಎಷ್ಟು ಜಾಗ ನೋಡಬಹುದು?
ಐದಾರು ಅಂತೀರಾ? ಎರಡೇ ಸಾಕು ಅಂತೀನಿ.
ಎಲ್ಲಾ ತುರುಕಿದರೆ, ಬಾಳೆಎಲೆ ಮೇಲಿನ ಪಲ್ಯ, ಸಾರು, ಪಾಯಸ ಒಟ್ಟಿಗೆ ಕಲಸಿ ತಿಂದ ಹಾಗೆ. ಯಾವ ರುಚಿಯೂ ನಾಲಿಗೆಗೆ ಹತ್ತಲ್ಲ.

ಬೆಳಿಗ್ಗೆ ವಿದುರಾಶ್ವತ್ಥ.
ಸಾಲು ಸಾಲು ನಾಗರಕಲ್ಲು, ಹೆಡೆಯ ಮೇಲೆ ಅರಿಶಿನ ಕುಂಕುಮ.
ಹೆಚ್ಚಿನವರು ಪೂಜೆ ಮುಗಿಸಿ ಹೊರಟುಬಿಡ್ತಾರೆ. ನೀವು ಹೊರಡಬೇಡಿ.
1938ರ ಏಪ್ರಿಲ್ 25. ತ್ರಿವರ್ಣ ಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ.
ಮರುತಿಂಗಳೇ ಕಾಂಗ್ರೆಸ್ ಮತ್ತು ಸಂಸ್ಥಾನದ ನಡುವೆ ಪಟೇಲ್–ಮಿರ್ಜಾ ಒಪ್ಪಂದ ಆಯ್ತು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು.
ಇಷ್ಟು ದೊಡ್ಡ ಕಥೆಗೆ ಹತ್ತು ನಿಮಿಷ ಸಾಲುತ್ತಾ? ಅಂದು ಮಡಿದ ಹುತಾತ್ಮರ ಸ್ಮಾರಕಕ್ಕೇ ಒಂದು ಗಂಟೆ ಕೊಡಿ.

ಮಧ್ಯಾಹ್ನ ನಂದಿಬೆಟ್ಟದ ಬುಡದ ನಂದಿ ಗ್ರಾಮ, ಭೋಗನಂದೀಶ್ವರ ದೇವಸ್ಥಾನ.
"ಅಷ್ಟು ದೂರ ಹೋಗಿ ನಂದಿಬೆಟ್ಟ ಬಿಡೋದಾ?" ನ್ಯಾಯವಾದ ಪ್ರಶ್ನೆ.
ಆದರೆ ಬೆಟ್ಟದ ಸೊಬಗು ಬೆಳಗಿನ ಜಾವದ ಮಂಜಿನಲ್ಲಿ. ಮಧ್ಯಾಹ್ನ ಆ ಮಂಜು ಇರಲ್ಲ.
ಕೆಳಗಿನ ದೇವಸ್ಥಾನಕ್ಕೆ ಹೊತ್ತಿನ ಹಂಗಿಲ್ಲ. 9ನೇ ಶತಮಾನದಿಂದ ವಿಜಯನಗರದ ಕಾಲದವರೆಗಿನ ಕೆಲಸ ಒಂದೇ ಆವರಣದಲ್ಲಿದೆ.
ಕಲ್ಯಾಣ ಮಂಟಪದ ಕಪ್ಪುಕಲ್ಲಿನ ಕಂಬಗಳ ಹತ್ತಿರ ಹೋಗಿ, ಬಳ್ಳಿ, ಹಕ್ಕಿ ಒಂದೊಂದಾಗಿ ನೋಡಿ.